ನವೋದ್ಯಮ ಸ್ಥಾಪಕರ ಆನ್‌ಲೈನ್ ಸಮುದಾಯ ವೇದಿಕೆ: ರಚನೆ, ಆದಾಯ ಮತ್ತು ಪಾಲಿಸಬೇಕಾದ ನಿಯಮಗಳು

1. ಪೀಠಿಕೆ

ಸವದತ್ತಿ ತಾಲ್ಲೂಕಿನ ಹೂಲಿಯಂತಹ ಗ್ರಾಮದಲ್ಲಿದ್ದುಕೊಂಡು ನವೋದ್ಯಮ ಆರಂಭಿಸುವವರಿಗೆ ಬಂಡವಾಳದಷ್ಟೇ ಅವಶ್ಯವಾದುದು ಅದೇ ಹಾದಿಯಲ್ಲಿ ಮೊದಲು ನಡೆದವರ ಸಲಹೆ. ಇಂತಹ ಸಲಹೆಯು ಬೆಂಗಳೂರಿನಲ್ಲಿ ಸುಲಭವಾಗಿ ದೊರೆಯುತ್ತದೆ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಇನ್‌ಕ್ಯುಬೇಷನ್ ಕೇಂದ್ರವಿದೆ. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಸಂಸ್ಥೆಯು ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಕ್ಲಸ್ಟರ್ ಎಂದು ಗುರುತಿಸಿದೆ. ಆದಾಗ್ಯೂ ಪ್ರತಿ ಪ್ರಶ್ನೆಗೂ ನಗರಕ್ಕೆ ಪ್ರಯಾಣ ಮಾಡುವುದು ಸಾಧ್ಯವಿಲ್ಲದ ಕಾರಣ, ಸ್ಥಾಪಕರು ತಾವೇ ಕನ್ನಡದಲ್ಲಿ ಆನ್‌ಲೈನ್ ಸಮುದಾಯ ವೇದಿಕೆಯನ್ನು ರಚಿಸಿಕೊಂಡು, ಅದರ ವೆಚ್ಚವನ್ನು ಅದರಿಂದಲೇ ಭರಿಸಿಕೊಳ್ಳಬಹುದಾಗಿದೆ. ಈ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಪರಸ್ಪರ ನೆರವಿನ ಸಂಘಟನೆ ಈ ಭಾಗಕ್ಕೆ ಹೊಸದಲ್ಲ. 1904ರ ಸಹಕಾರ ಕಾಯ್ದೆಯ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿರುವುದೇ ಇಂತಹ ಸಂಘದ ಮೊದಲ ಬಂಡವಾಳ. ಆನ್‌ಲೈನ್ ವೇದಿಕೆಗೂ ಇದೇ ಮಾತು ಅನ್ವಯಿಸುತ್ತದೆ.

2. ವೇದಿಕೆಯ ರಚನೆ

ತಂತ್ರಾಂಶಕ್ಕೆ ಹಣ ವ್ಯಯಿಸುವ ಮುನ್ನ ಸಮಾನ ಅವಶ್ಯಕತೆಯುಳ್ಳ 15ರಿಂದ 20 ಸ್ಥಾಪಕರನ್ನು ಗುರುತಿಸಿ, ಪ್ರತಿ ತಿಂಗಳು ನಿಗದಿತ ದಿನ ಸಭೆ ಸೇರುವುದು ಸೂಕ್ತ. ಸುರೇಬಾನದ ನೇಕಾರಿಕೆ, ಬೈಲಹೊಂಗಲದ ಹತ್ತಿ ವಹಿವಾಟು, ಕೃಷಿ ಉತ್ಪನ್ನ ಸಂಸ್ಕರಣೆ ಮುಂತಾದ ಒಂದು ಕ್ಷೇತ್ರಕ್ಕೆ ಮೊದಲು ಸೀಮಿತಗೊಳಿಸಿದಲ್ಲಿ ಚರ್ಚೆಯು ಉಪಯುಕ್ತವಾಗಿರುತ್ತದೆ. ಸಭೆಯಲ್ಲಿ ಪದೇಪದೇ ಕೇಳಿಬರುವ ಪ್ರಶ್ನೆಗಳನ್ನು ಉತ್ತರಸಹಿತ ದಾಖಲಿಸಿ ಆನ್‌ಲೈನ್‌ನಲ್ಲಿ ಇರಿಸತಕ್ಕದ್ದು. ಸದಸ್ಯತ್ವದ ಅರ್ಹತೆ, ನಡವಳಿಕೆಯ ನಿಯಮ ಮತ್ತು ದೂರು ಸ್ವೀಕರಿಸುವವರ ಹೆಸರನ್ನು ಆರಂಭದಲ್ಲಿಯೇ ಪ್ರಕಟಿಸುವುದು ಅವಶ್ಯ.

3. ಕಾನೂನುಬದ್ಧ ಸ್ವರೂಪ

(ಅ) ಸಂಘ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ 7 ಸದಸ್ಯರು ಸೇರಿ ನೋಂದಾಯಿಸಬಹುದು. ಲಾಭವನ್ನು ಸದಸ್ಯರಿಗೆ ಹಂಚುವಂತಿಲ್ಲ. ಸಂಘವು ಸ್ಟಾರ್ಟಪ್ ಇಂಡಿಯಾ ಮಾನ್ಯತೆಗೆ ಅರ್ಹವಲ್ಲ.

(ಆ) ಸೀಮಿತ ಹೊಣೆಗಾರಿಕೆ ಪಾಲುದಾರಿಕೆ (ಎಲ್‌ಎಲ್‌ಪಿ) ಅಥವಾ ಖಾಸಗಿ ಕಂಪನಿ: ಕನಿಷ್ಠ ಇಬ್ಬರು ಅವಶ್ಯ. ವೇದಿಕೆಯನ್ನೇ ಉದ್ಯಮವಾಗಿ ಬೆಳೆಸುವ ಉದ್ದೇಶವಿದ್ದಲ್ಲಿ ಇದು ಸೂಕ್ತ.

4. ಆದಾಯದ ಮೂಲಗಳು

(ಅ) ಸದಸ್ಯತ್ವ ಶುಲ್ಕ: 1992ರಲ್ಲಿ ಅಮೆರಿಕದ ಸಿಲಿಕಾನ್ ಕಣಿವೆಯಲ್ಲಿ ಆರಂಭವಾದ, ಕರ್ನಾಟಕದಲ್ಲಿಯೂ ಶಾಖೆಗಳಿರುವ 'ಟೈ' ಸಂಸ್ಥೆಯಲ್ಲಿ ಸದಸ್ಯರು ಶುಲ್ಕ ನೀಡುತ್ತಾರೆ, ಹಿರಿಯ ಉದ್ಯಮಿಗಳು ಸಂಭಾವನೆ ಇಲ್ಲದೆ ಮಾರ್ಗದರ್ಶನ ಮಾಡುತ್ತಾರೆ.

(ಆ) ಪ್ರಾಯೋಜಕತ್ವ ಮತ್ತು ಜಾಹೀರಾತು: 2016ರಲ್ಲಿ ಕೋರ್ಟ್‌ಲ್ಯಾಂಡ್ ಆಲೆನ್ ಅವರು ಆರಂಭಿಸಿದ 'ಇಂಡಿ ಹ್ಯಾಕರ್ಸ್' ವೇದಿಕೆಯು ಮೊದಲು ಜಾಹೀರಾತಿನಿಂದ ಆದಾಯ ಪಡೆಯಿತು, 2017ರಲ್ಲಿ ಸ್ಟ್ರೈಪ್ ಕಂಪನಿ ಅದನ್ನು ಖರೀದಿಸಿತು.

(ಇ) ತರಬೇತಿ, ಕಾರ್ಯಾಗಾರ ಮತ್ತು ಉದ್ಯೋಗ ಪ್ರಕಟಣೆಗಳ ಶುಲ್ಕ.

ಮೇಲ್ಕಂಡ ಎಲ್ಲ ಮೂಲಗಳಲ್ಲಿಯೂ ಹಣ ಬರುವುದು ನೀಡಿದ ಸೇವೆಗಾಗಿ. ಸದಸ್ಯರ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಮಾರುವುದು ಆದಾಯದ ಮೂಲವಲ್ಲ. ಅದು ಸದಸ್ಯರ ವಿಶ್ವಾಸದ ಮಾರಾಟ.

5. ಆಯವ್ಯಯದ ಉದಾಹರಣೆ (ಮಾದರಿಗಾಗಿ ಮಾತ್ರ)

120 ಸದಸ್ಯರು ವಾರ್ಷಿಕ ರೂ. 1,000ರಂತೆ ನೀಡಿದಲ್ಲಿ ಆದಾಯ ರೂ. 1,20,000. ಅರೆಕಾಲಿಕ ಸಂಯೋಜಕರಿಗೆ ಮಾಸಿಕ ರೂ. 8,000ರಂತೆ ರೂ. 96,000, ತಂತ್ರಾಂಶಕ್ಕೆ ರೂ. 24,000, ನಾಲ್ಕು ದೊಡ್ಡ ಸಭೆಗಳಿಗೆ ರೂ. 20,000, ಒಟ್ಟು ವೆಚ್ಚ ರೂ. 1,40,000. ಕೊರತೆ ರೂ. 20,000, ಇದನ್ನು ಒಂದು ಪ್ರಾಯೋಜಿತ ಕಾರ್ಯಾಗಾರದಿಂದ ತುಂಬಿಕೊಳ್ಳಬಹುದು. ಆದರೆ ಎರಡನೆಯ ವರ್ಷ ಶೇ. 70ರಷ್ಟು ಸದಸ್ಯರು ಮಾತ್ರ ನವೀಕರಿಸಿ, ಹೊಸಬರು ಸೇರದಿದ್ದಲ್ಲಿ ಆದಾಯ ರೂ. 84,000ಕ್ಕೆ ಇಳಿದು ಕೊರತೆ ರೂ. 56,000 ಆಗುತ್ತದೆ. ಆದ್ದರಿಂದ ಹೊಸ ಸದಸ್ಯರ ಸೇರ್ಪಡೆಯಷ್ಟೇ ಹಳೆಯ ಸದಸ್ಯರ ನವೀಕರಣವೂ ಮುಖ್ಯ.

ವಾರ್ಷಿಕ ಶುಲ್ಕವು ಮುಂಗಡವಾಗಿ ಬಂದ ಹಣ. ಪ್ರತಿ ತಿಂಗಳು ಅದರ ಹನ್ನೆರಡನೆಯ ಒಂದು ಭಾಗವನ್ನು ಮಾತ್ರ ಆದಾಯವೆಂದು ಪರಿಗಣಿಸಿ, ಉಳಿದುದನ್ನು ಬಾಧ್ಯತೆಯಾಗಿ ತೋರಿಸತಕ್ಕದ್ದು. ಮೊದಲ ಮೂರು ತಿಂಗಳಲ್ಲಿಯೇ ಪೂರ್ಣ ಶುಲ್ಕವನ್ನು ವ್ಯಯಿಸಿದಲ್ಲಿ ಉಳಿದ ಒಂಬತ್ತು ತಿಂಗಳ ಸೇವೆಗೆ ಹಣವಿರುವುದಿಲ್ಲ. ಸದಸ್ಯರಿಗೆ ಮರುಪಾವತಿ ಮಾಡಲೂ ಸಾಧ್ಯವಾಗುವುದಿಲ್ಲ.

6. ತೆರಿಗೆ ಮತ್ತು ಮಾಹಿತಿ ಸಂರಕ್ಷಣೆ

ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ಒಟ್ಟು ವಹಿವಾಟು ರೂ. 20 ಲಕ್ಷ ಮೀರಿದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ. ವೇದಿಕೆಯು ಇತರರ ಸರಕನ್ನು ತನ್ನ ಮೂಲಕ ಮಾರಿಸಿ ಹಣವನ್ನೂ ತಾನೇ ಸಂಗ್ರಹಿಸಿದಲ್ಲಿ ಇ-ಕಾಮರ್ಸ್ ನಿರ್ವಾಹಕ ಎನಿಸಿಕೊಂಡು, ಮೂಲದಲ್ಲಿ ತೆರಿಗೆ ಸಂಗ್ರಹಿಸುವ ಹೊಣೆ ಹೊರಬೇಕಾಗುತ್ತದೆ. ಇದರ ದರವನ್ನು 2024ರ ಜುಲೈ 10ರಿಂದ ಶೇ. 0.5ಕ್ಕೆ ಇಳಿಸಲಾಗಿದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ಸದಸ್ಯರ ಮಾಹಿತಿಯನ್ನು ಅವರ ಸ್ಪಷ್ಟ ಒಪ್ಪಿಗೆ ಪಡೆದು, ತಿಳಿಸಿದ ಉದ್ದೇಶಕ್ಕೆ ಮಾತ್ರ ಬಳಸತಕ್ಕದ್ದು.

7. ಮಾಡಬಾರದ ಕಾರ್ಯಗಳು

(ಅ) ಸದಸ್ಯರಿಂದ ಠೇವಣಿ ಅಥವಾ 'ಹೂಡಿಕೆ ನಿಧಿ' ಸಂಗ್ರಹಿಸಬಾರದು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆಯು ನಿಷೇಧಿಸಿದೆ.

(ಆ) ಸದಸ್ಯರ ಕಂಪನಿಗಳ ಷೇರುಗಳನ್ನು ವೇದಿಕೆಯಲ್ಲಿ ಸಾರ್ವಜನಿಕವಾಗಿ ಮಾರಾಟಕ್ಕಿಡಬಾರದು. ಅನುಮತಿಯಿಲ್ಲದ ಇಂತಹ ವಿದ್ಯುನ್ಮಾನ ವೇದಿಕೆಗಳ ಬಗ್ಗೆ ಸೆಬಿಯು 2016ರಲ್ಲಿಯೇ ಹೂಡಿಕೆದಾರರನ್ನು ಎಚ್ಚರಿಸಿದೆ. ಪರಿಚಯ ಮಾಡಿಸುವುದು ಬೇರೆ, ಹಣ ಸಂಗ್ರಹಿಸುವುದು ಬೇರೆ.

(ಇ) ಸರ್ಕಾರದ ಅನುದಾನ ಕೊಡಿಸುವುದಾಗಿ ಭರವಸೆ ನೀಡಿ ಶುಲ್ಕ ಪಡೆಯಬಾರದು.

8. ಸಾರ್ವಜನಿಕರ ಗಮನಕ್ಕೆ

ಉದ್ಯಮ್ ನೋಂದಣಿ ಹಾಗೂ ಸ್ಟಾರ್ಟಪ್ ಇಂಡಿಯಾ ಮಾನ್ಯತೆಗೆ ಸರ್ಕಾರವು ಯಾವುದೇ ಶುಲ್ಕ ವಿಧಿಸುವುದಿಲ್ಲ. ಅರ್ಜಿ ತುಂಬಲು ನೆರವು ನೀಡಿದವರು ತಮ್ಮ ಶ್ರಮಕ್ಕೆ ಹಣ ಕೇಳಬಹುದು. ಆದರೆ ಅದನ್ನು ಸರ್ಕಾರಿ ಶುಲ್ಕವೆಂದು ಹೇಳಿದಲ್ಲಿ ನಂಬಬಾರದು. ಸದಸ್ಯತ್ವ ಪಡೆಯುವವರು ಹಣ ಪಾವತಿಸುವ ಮುನ್ನ ಸಂಸ್ಥೆಯ ನೋಂದಣಿ ಸಂಖ್ಯೆ, ರಸೀದಿ ಮತ್ತು ಮರುಪಾವತಿ ನಿಯಮವನ್ನು ಕೇಳಿ ಪಡೆಯತಕ್ಕದ್ದು. ಆನ್‌ಲೈನ್ ವಂಚನೆಯಾದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು. ಸಂಘದ ನೋಂದಣಿಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯವರನ್ನು, ಉದ್ಯಮಕ್ಕೆ ಸಂಬಂಧಿಸಿದ ಮಾಹಿತಿಗೆ ಬೆಳಗಾವಿಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.