ನಾನ್: ಜನರನ್ನು ಕೂಡಿಸಿ ಕಟ್ಟಿದ ನಾಡು

ಸಯಾಮಿನ, ಎಂದರೆ ಇಂದಿನ ಥಾಯ್‌ಲೆಂಡಿನ, ಇತಿಹಾಸವೆಂದರೆ ನಮ್ಮಲ್ಲಿ ಬಹುಮಂದಿಗೆ ಸುಖೋದಯ, ಅಯುತ್ಥಯ, ಬ್ಯಾಂಕಾಕ್ ಎಂಬ ಮೂರು ರಾಜಧಾನಿಗಳ ಕಥೆ. ಉತ್ತರಕ್ಕೆ ಹೋದ ಪ್ರವಾಸಿಯೂ ಸಾಮಾನ್ಯವಾಗಿ ಚಿಯಾಂಗ್ ಮಾಯ್ ನಗರವನ್ನು ಕಂಡು ಹಿಂದಿರುಗುತ್ತಾನೆ. ಅಲ್ಲಿಂದ ಪೂರ್ವಕ್ಕೆ, ಲಾವೋಸಿನ ಗಡಿಗೆ ಒತ್ತಿಕೊಂಡು, ಬೆಟ್ಟಗಳ ನಡುವೆ ನಾನ್ ಎಂಬ ಪ್ರಾಂತವಿದೆ. ರೈಲುಮಾರ್ಗ ಇಂದಿಗೂ ಅದನ್ನು ಮುಟ್ಟಿಲ್ಲ. ಪಕ್ಕದ ಫ್ರೇ ಪ್ರಾಂತದ ಡೆನ್ ಚಾಯ್ ನಿಲ್ದಾಣದಲ್ಲಿಳಿದು ರಸ್ತೆ ಹಿಡಿಯಬೇಕು. ಬಲಿಷ್ಠ ರಾಜ್ಯಗಳ ನಡುವೆ ಸಿಕ್ಕಿದ ಚಿಕ್ಕ ನಾಡೊಂದು ಶತಮಾನಗಳ ಕಾಲ ತನ್ನ ಹೆಸರನ್ನು ಹೇಗೆ ಉಳಿಸಿಕೊಂಡೀತೆಂಬುದನ್ನು ತಿಳಿಯಬಯಸುವವರು ಈ ದಾರಿಯನ್ನು ಹಿಡಿಯತಕ್ಕದ್ದು.

ನಾಡಿಗೆ ಹೆಸರು ಕೊಟ್ಟದ್ದು ನಾನ್ ನದಿ. ಈ ನದಿ ದಕ್ಷಿಣಕ್ಕೆ ಹರಿದು, ನಖೋನ್ ಸವನ್ ಎಂಬಲ್ಲಿ ಪಿಂಗ್ ನದಿಯನ್ನು ಕೂಡಿ, ಸಯಾಮಿನ ಜೀವನದಿಯಾದ ಚಾವೊ ಫ್ರಯಾ ಆಗುತ್ತದೆ. ಇಲ್ಲಿನ ಅರಸರ ಮೊದಲ ನೆಲೆ ಉತ್ತರದ ಪುವಾ ಕಣಿವೆ. ಅದರ ಹಳೆಯ ಹೆಸರು ವರನಗರ. ಅಲ್ಲಿಂದ ನದಿಯ ಪೂರ್ವದ ದಡಕ್ಕೆ ಇಳಿದ ರಾಜಧಾನಿ 1368ರಲ್ಲಿ ಪಶ್ಚಿಮದ ದಡದ ಈಗಿನ ಸ್ಥಳಕ್ಕೆ ಬಂತು. ಸುಖೋದಯದಲ್ಲಿ ವಿಹಾರವೊಂದನ್ನು ಕಟ್ಟಲು ನೆರವಾದ ನಾನಿನ ಅರಸನಿಗೆ ಅಲ್ಲಿಯ ದೊರೆ ಬುದ್ಧಧಾತುಗಳನ್ನು ಕೊಟ್ಟನೆಂದೂ, ಅವನ್ನು ಪೂರ್ವದಡದ ಗುಡ್ಡದ ಮೇಲೆ ಸ್ಥಾಪಿಸಲಾಯಿತೆಂದೂ ನಾಡಿನ ಐತಿಹ್ಯ. ಆ ಗುಡ್ಡದ ಚೇ ಹೇಂಗ್ ಸ್ತೂಪ ಇಂದಿಗೂ ಪ್ರಾಂತದ ಪರಮ ಕ್ಷೇತ್ರ.

ಸಮುದ್ರದಿಂದ ಇಷ್ಟು ದೂರದ ಈ ಬೆಟ್ಟನಾಡಿನ ಸಂಪತ್ತು ಉಪ್ಪೆಂದರೆ ಆಶ್ಚರ್ಯವಾದೀತು. ಬೋ ಕ್ಲೂವ ಎಂಬ ಊರಿನ ಹೆಸರಿಗೇ ‘ಉಪ್ಪಿನ ಬಾವಿ’ ಎಂದರ್ಥ. ಬಾವಿಯಿಂದ ಸೇದಿದ ಉಪ್ಪುನೀರನ್ನು ಮಣ್ಣಿನ ಒಲೆಯ ಮೇಲಿನ ದೊಡ್ಡ ಬಾಣಲೆಗಳಲ್ಲಿ ಕುದಿಸುತ್ತಾರೆ. ಹರಳುಗಟ್ಟಿದ ಉಪ್ಪನ್ನು ಬುಟ್ಟಿಗೆ ತುಂಬಿ, ಅದೇ ಬಾಣಲೆಯ ಮೇಲೆ ತೂಗುಹಾಕಿ ಸೋರಬಿಡುತ್ತಾರೆ. ಭಿಕ್ಷುಗಳ ವರ್ಷಾವಾಸದ ಮೂರು ತಿಂಗಳು ಒಲೆ ಹೊತ್ತಿಸುವ ವಾಡಿಕೆಯಿಲ್ಲ. ಕಡಲು ಕಾಣದ ಸುತ್ತಣ ನಾಡುಗಳಿಗೆಲ್ಲ ಈ ಉಪ್ಪು ಬೇಕಾಗಿತ್ತು. ಹದಿನೈದನೆಯ ಶತಮಾನದ ನಡುವೆ ಚಿಯಾಂಗ್ ಮಾಯ್ ನಗರದ ತಿಲೋಕರಾಜ ನಾನನ್ನು ಗೆದ್ದುಕೊಂಡದ್ದಕ್ಕೆ ಈ ಬಾವಿಗಳ ಆಸೆಯೂ ಕಾರಣವೆಂದು ಹೇಳುತ್ತಾರೆ.

1558ರಲ್ಲಿ ಚಿಯಾಂಗ್ ಮಾಯ್ ಬರ್ಮದ ಕೈಸೇರಿತು. ನಾನಿಗೂ ಅದೇ ಗತಿಯಾಯಿತು. ಮುಂದಿನ ಎರಡು ಶತಮಾನಗಳ ದಂಗೆ, ದಮನ, ಸೆರೆಯೊಯ್ಯುವಿಕೆಗಳಿಂದ ನಾಡು ಬರಿದಾಯಿತು. ಆ ಕಾಲದ ಯುದ್ಧಗಳಲ್ಲಿ ಗೆದ್ದವರು ನೆಲಕ್ಕಿಂತ ಹೆಚ್ಚಾಗಿ ಜನರನ್ನು ಹೊತ್ತೊಯ್ಯುತ್ತಿದ್ದರು. ಉಳುವ ಕೈಗಳು ಕಡಿಮೆ, ಉಳಬಹುದಾದ ನೆಲ ಹೆಚ್ಚು. ಆದುದರಿಂದ ಅರಸನ ಬೊಕ್ಕಸವೆಂದರೆ ಅವನ ಪ್ರಜೆಗಳೇ. ಅರಸ ಅತ್ಥವರಪಞ್ಞ 1788ರಲ್ಲಿ ಬ್ಯಾಂಕಾಕಿಗೆ ಶರಣಾದಾಗ ರಾಜಧಾನಿ ಹಾಳುಬಿದ್ದಿತ್ತು. ಅಲ್ಲಿ ಮತ್ತೆ ಒಕ್ಕಲು ಹೂಡಿದ್ದು 1801ರ ಹೊತ್ತಿಗೆ.

‘ತರಕಾರಿ ಕೊಯ್ದು ಬುಟ್ಟಿಗೆ ತುಂಬು, ಜನ ಹಿಡಿದು ಊರಿಗೆ ತುಂಬು’ ಎಂಬರ್ಥದ ಗಾದೆ ಆ ಕಾಲದ ರಾಜನೀತಿಯನ್ನು ಎರಡೇ ಮಾತಿನಲ್ಲಿ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಪ್ರಾರಂಭದಲ್ಲಿ, ಇಂದು ಚೀನದ ಯುನ್ನಾನ್ ಪ್ರಾಂತಕ್ಕೆ ಸೇರಿರುವ ಸಿಪ್ಸೊಂಗ್ ಪನ್ನಾದಿಂದ ತಾಯ್ ಲೂ ಜನರನ್ನು ತಂದು ನಾನಿನ ಕಣಿವೆಗಳಲ್ಲಿ ನೆಲೆಗೊಳಿಸಲಾಯಿತು. ಬಂದವರೆಲ್ಲರೂ ಇಷ್ಟಪಟ್ಟು ಬಂದವರಲ್ಲವೆಂಬುದನ್ನು ಮರೆಯಲಾಗದು. ಆದರೂ ಅವರು ತಮ್ಮ ನುಡಿಯನ್ನೂ ಮಗ್ಗವನ್ನೂ ಬಿಡಲಿಲ್ಲ. ಹರಿಯುವ ನೀರಿನ ಅಲೆಗಳನ್ನು ಹೋಲುವ ಅವರ ನೇಯ್ಗೆ ಇಂದು ನಾನ್ ಪ್ರಾಂತದ ಗುರುತೇ ಆಗಿದೆ. ಹೊರಗಿನಿಂದ ಬಂದವರ ಕೈಕೆಲಸವೇ ನಾಡಿನ ಲಾಂಛನವಾದುದು ಮನನೀಯ.

ಪಟ್ಟಣದ ನಡುವಿನ ಫೂಮಿನ್ ವಿಹಾರದಲ್ಲಿ ಈ ಬಾಳೆಲ್ಲ ಗೋಡೆಯೇರಿದೆ. 1596ರಲ್ಲಿ ಸ್ಥಾಪಿತವಾದ ಈ ಆಲಯಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ನಾಲ್ವರು ಬುದ್ಧರು. ಇಡೀ ಕಟ್ಟಡವನ್ನು ಎರಡು ನಾಗಗಳು ಬೆನ್ನಮೇಲೆ ಹೊತ್ತಂತಿವೆ. 1867ರಲ್ಲಿ ಪ್ರಾರಂಭವಾದ ಜೀರ್ಣೋದ್ಧಾರದ ತರುವಾಯದ ಭಿತ್ತಿಚಿತ್ರಗಳಲ್ಲಿ, ತಂದೆಯನ್ನು ಕಾಣದೆ ಬೆಳೆದ ಖತ್ಥನಕುಮಾರನ ಜಾತಕಕಥೆಯಿದೆ. ಕಥೆಯ ನೆವದಿಂದ ಚಿತ್ರಕಾರ ಮಗ್ಗದ ಮುಂದಿನ ಹೆಂಗಸರನ್ನೂ, ತೊಡೆಯ ತುಂಬ ಹಚ್ಚೆ ಹೊಯ್ಸಿಕೊಂಡ ಗಂಡಸರನ್ನೂ, ಹಡಗಿನಲ್ಲಿ ಬಂದ ಐರೋಪ್ಯರನ್ನೂ ಬರೆದಿದ್ದಾನೆ. ಚಿತ್ರಗಳ ಜೊತೆಗಿನ ಬರಹ ಉತ್ತರದೇಶದ ಧರ್ಮಲಿಪಿಯಲ್ಲಿದೆ. ಮೋನ್ ಲಿಪಿಯಿಂದ ಹುಟ್ಟಿದ ಇದರ ಮೂಲ ದಕ್ಷಿಣ ಭಾರತದ ಬ್ರಾಹ್ಮೀ ಶಾಖೆ. ಅದರ ದುಂಡು ಅಕ್ಷರಗಳನ್ನು ನೋಡಿದ ಕನ್ನಡಿಗನಿಗೆ ದೂರದ ನೆಂಟರನ್ನು ಕಂಡಂತಾದರೆ ಅದು ಬರಿಯ ಭ್ರಮೆಯಲ್ಲ. ಅಮೆರಿಕದ ಇತಿಹಾಸಕಾರ ಡೇವಿಡ್ ವಯಟ್, ಈ ತಬ್ಬಲಿ ಬಾಲಕನ ಕಥೆಯಲ್ಲಿ ಬ್ಯಾಂಕಾಕಿನ ರಕ್ಷಣೆಯಿಲ್ಲದೆ ಉಳಿದ ನಾನಿನದೇ ದುಃಖವನ್ನು ಕಂಡರು.

ಆ ದುಃಖಕ್ಕೆ ಕಾರಣವಿತ್ತು. 1893ರಲ್ಲಿ ಮೆಕಾಂಗ್ ನದಿಯ ಎಡದಂಡೆಯನ್ನು ಸಯಾಮು ಫ್ರೆಂಚರಿಗೆ ಒಪ್ಪಿಸಿತು. 1904ರಲ್ಲಿ ಲುವಾಂಗ್ ಪ್ರಬಾಂಗಿನ ಎದುರಿನ ಬಲದಂಡೆಯ ಪ್ರದೇಶವೂ ಹೋಯಿತು. ಇತ್ತ ಬ್ಯಾಂಕಾಕಿನ ಅಧಿಕಾರಿಗಳು ಬಂದು ಆಡಳಿತವನ್ನು ಒಂದೊಂದಾಗಿ ಕೈಗೆತ್ತಿಕೊಂಡರು. ಅರಸ ಸುರಿಯಫೋಂಗನಿಗೆ 1903ರಲ್ಲಿ ಹಿರಿದಾದ ಬಿರುದು ದೊರೆಯಿತು. ಅದೇ ವರ್ಷ ಅವನು ಅರಮನೆಯನ್ನೂ ಕಟ್ಟಿಸಿದನು. ಬಿರುದು ಬೆಳೆದಂತೆ ಅಧಿಕಾರ ಕರಗಿತು. 1931ರಲ್ಲಿ ಕೊನೆಯ ಅರಸ ತೀರಿಕೊಂಡ ಮೇಲೆ ಆ ಪೀಠವೇ ಇಲ್ಲವಾಯಿತು. ಅರಮನೆ ಈಗ ವಸ್ತುಸಂಗ್ರಹಾಲಯ.

ಆದರೆ ಈ ಅರಸ ಇನ್ನೊಂದು ಕಾರ್ಯವನ್ನು ಮಾಡಿಸಿದ್ದನು. 1894ರಲ್ಲಿ, ಎಡದಂಡೆ ಕೈಬಿಟ್ಟ ಮರುವರ್ಷವೇ, ಸೇನ್‌ಲುವಾಂಗ್ ರಾಚಸೊಂಫನ್ ಎಂಬ ಅಧಿಕಾರಿ ಅವನ ಆಜ್ಞೆಯಂತೆ ನಾನಿನ ವೃತ್ತಾಂತವನ್ನು ಬರೆದನು. ವಯಟ್ ಅದನ್ನು ಸಂಪಾದಿಸಿ 1994ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ವರನಗರದ ಅರಸರು, ಧಾತುಗಳು ಬಂದ ಬಗೆ, ಊರು ಹಾಳಾದದ್ದು, ಮತ್ತೆ ಒಕ್ಕಲಾದದ್ದು ಎಲ್ಲವೂ ಅದರಲ್ಲಿವೆ. ರಾಜಧಾನಿಯ ಇತಿಹಾಸದಲ್ಲಿ ನಾನಿಗೆ ಸಿಕ್ಕುವುದು ಕೆಲವೇ ಸಾಲು. ತನ್ನ ಪೂರ್ಣ ಕಥೆಯನ್ನು ಅದು ತಾನೇ ಬರೆದುಕೊಳ್ಳಬೇಕಾಯಿತು. ಬರೆದುಕೊಂಡಿತು, ಆದುದರಿಂದಲೇ ಅದನ್ನು ಇಂದು ನಾವು ಬಲ್ಲೆವು.