ಪೇಟೆಬೀದಿಯಲ್ಲಿ ಪರದೇಶದ ಅಡುಗೆ

ವಿದೇಶಿ ಅಡುಗೆ ಎಂದೊಡನೆ ನಿಮಗೆ ಪಿಜ್ಜಾ, ನೂಡಲ್ಸ್, ಬೆಂಗಳೂರಿನ ದೊಡ್ಡ ಹೋಟೆಲುಗಳು ನೆನಪಾಗಬಹುದು. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಇವುಗಳಲ್ಲಿ ಯಾವ ಊರಿನ ಸಂತೆಗಾದರೂ ಕೈಚೀಲ ಹಿಡಿದು ಹೊರಡಿ. ಮೂರು ಖಂಡಗಳ ಪದಾರ್ಥಗಳು ಆ ಒಂದೇ ಚೀಲಕ್ಕೆ ಬೀಳುತ್ತವೆ. ಶಾಲೆಯಲ್ಲಿ ಊಟದ ಡಬ್ಬಿ ತೆರೆಯುವ ಹೊತ್ತಿಗೆ “ಇದು ನಮ್ಮ ಊಟ, ಅದು ಅವರ ಊಟ” ಎಂಬ ಮಾತು ಮಕ್ಕಳ ಬಾಯಲ್ಲಿ ಕೇಳಿಬರುತ್ತದೆ. ಮಕ್ಕಳು ಅದನ್ನು ದೊಡ್ಡವರಿಂದಲೇ ಕಲಿತಿರುತ್ತಾರೆ. ಆ ಮಾತನ್ನು ಇತಿಹಾಸದ ಮುಂದಿಟ್ಟು ಪರೀಕ್ಷಿಸೋಣ.

ಮೊದಲು ನಮ್ಮ ರಾಗಿ. ಇದಕ್ಕಿಂತ ನಮ್ಮದಾದ ಧಾನ್ಯ ಯಾವುದಿದೆ? 1800ರಲ್ಲಿ ಮಧುಗಿರಿ, ಶಿರಾಗಳ ಮೂಲಕ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಬೆದ್ದಲು ಬೆಳೆಗಳಲ್ಲಿ ರಾಗಿಗೇ ಅಗ್ರಸ್ಥಾನ ಕೊಟ್ಟು ಅದರ ಬೇಸಾಯವನ್ನು ವಿವರವಾಗಿ ಬರೆದಿದ್ದಾನೆ. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದೊಡನೆ ವಾದಕ್ಕೆ ನಿಂತ ರಾಗಿಯನ್ನು ಗೆಲ್ಲಿಸಿ, ಅದಕ್ಕೆ ಶ್ರೀರಾಮನಿಂದಲೇ ರಾಘವನೆಂಬ ಹೆಸರು ಕೊಡಿಸಿದರು. ಆದರೆ ಸಸ್ಯವಿಜ್ಞಾನಿಗಳು ರಾಗಿಯ ತವರನ್ನು ಹುಡುಕಿ ತಲುಪಿದ್ದು ಪೂರ್ವ ಆಫ್ರಿಕಾದ ಇಥಿಯೋಪಿಯಾ, ಉಗಾಂಡಗಳ ಎತ್ತರದ ಪ್ರದೇಶಗಳಿಗೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟ ಧಾನ್ಯ ಇಲ್ಲಿಯ ಕೆಂಪು ಮಣ್ಣಿಗೂ ಅಲ್ಪ ಮಳೆಗೂ ಒಗ್ಗಿಕೊಂಡಿತು. ಚಟ್ನಿಪುಡಿಯ ಹುಚ್ಚೆಳ್ಳು ಸಹ ಇಥಿಯೋಪಿಯಾದ್ದೇ. ಹುಣಸೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮರದ ಮೂಲ ಆಫ್ರಿಕಾ. ಅರಬರು ಅದನ್ನು ಕರೆದದ್ದು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದು! ಇಂಗ್ಲಿಷಿನ ‘ಟ್ಯಾಮರಿಂಡ್’ ಹುಟ್ಟಿದ್ದು ಇದರಿಂದಲೇ.

ಹೊಸ ಪದಾರ್ಥ ಬಂದಾಗ ನಮ್ಮ ಹಿರಿಯರು ಏನು ಮಾಡಿದರೆಂಬುದನ್ನು ಹೆಸರುಗಳೇ ಹೇಳುತ್ತವೆ. ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ಬಂದಿತು. 1498ಕ್ಕೆ ಮುಂಚೆ ನಮ್ಮ ನಾಡಿನ ಸಾರಿಗೆ ಖಾರ ಕೊಡುತ್ತಿದ್ದುದು ಕರಿಮೆಣಸು. ಹೊಸ ಕಾಯಿ ಮೆಣಸಿನಂತೆ ಖಾರವಾಗಿತ್ತು, ಆದ್ದರಿಂದ ‘ಮೆಣಸಿನ ಕಾಯಿ’ ಆಯಿತು. ಪಾವಗಡದ ರೈತ ಇಂದು ನೆಚ್ಚಿಕೊಂಡಿರುವ ಶೇಂಗಾ ದಕ್ಷಿಣ ಅಮೆರಿಕದ್ದು. ಅದಕ್ಕೆ ನೆರೆಮನೆಯ ಕಡಲೆಯ ಹೆಸರಿಟ್ಟು ಕಡಲೆಕಾಯಿ ಮಾಡಿಕೊಂಡೆವು. ಪರಂಗಿ ಹಣ್ಣಿನಲ್ಲಿ ಮಾತ್ರ ‘ಫರಂಗಿ’ ಇನ್ನೂ ಬಚ್ಚಿಟ್ಟುಕೊಳ್ಳದೆ ಕುಳಿತಿದ್ದಾನೆ. ಸೀಮೆಬದನೆ, ಸೀಮೆಹುಣಸೆಗಳಲ್ಲಿರುವ ‘ಸೀಮೆ’ಯೂ ಹೊರನಾಡಿನ ಗುರುತೇ.

ಇನ್ನು ಕೆಲವು ತಿನಿಸುಗಳು ತಮ್ಮ ಹೆಸರಿನೊಡನೆಯೇ ಬಂದವು. ಇಲ್ಲಿ ಶಿರಾದ ಇತಿಹಾಸವನ್ನು ನೆನೆಯಬೇಕು. 1638ರಲ್ಲಿ ಬಿಜಾಪುರದ ಆದಿಲಶಾಹಿಗಳ ವಶವಾದ ಈ ಊರು 1687ರಲ್ಲಿ ಮೊಗಲರ ಕೈಸೇರಿ ಒಂದು ಸುಬಾದ ಕೇಂದ್ರವಾಯಿತು. 1696ರ ಜಾಮಿಯಾ ಮಸೀದಿ ಇಂದಿಗೂ ನಿಂತಿದೆ. ಸುಬೇದಾರನೊಬ್ಬನೇ ಬರುವುದಿಲ್ಲವಷ್ಟೆ! ಸಿಪಾಯಿ, ಗುಮಾಸ್ತ, ವ್ಯಾಪಾರಿ, ಬಾಣಸಿಗ, ಎಲ್ಲರೂ ಬರುತ್ತಾರೆ. ಫಾರ್ಸಿ ಕಚೇರಿಯ ಭಾಷೆಯಾಗಿದ್ದ ಆ ಕಾಲದಲ್ಲಿ ದಖನ್ನಿನ ಇಂಥ ಠಾಣೆಗಳ ಮೂಲಕ ಎಷ್ಟೋ ಮಾತುಗಳು ಕನ್ನಡದ ನಾಲಿಗೆಗೆ ಬಂದವು. ಹೋಟೆಲಿನಲ್ಲಿ ನೀವು ಕೇಳುವ ‘ಕುಷ್ಕ’ವನ್ನೇ ತೆಗೆದುಕೊಳ್ಳಿ. ಫಾರ್ಸಿಯ ‘ಖುಷ್ಕ್’ ಎಂದರೆ ಒಣಗಿದ್ದು. ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಖುಷ್ಕ ಮಾಂಸವಿಲ್ಲದ ಅಡುಗೆಗಳ ಸಾಲಿನಲ್ಲಿದೆ, ಅದು ಬರಿಯ ಅನ್ನ. ನಮ್ಮಲ್ಲಿ ಅದು ತುಂಡು ಹಾಕದ ಬಿರಿಯಾನಿಯ ಅನ್ನವಾಗಿದೆ. ಕೈಮಾ ತುರ್ಕಿ ಮಾತು, ಕೊಚ್ಚಿದ್ದು ಎಂದರ್ಥ. ಸಮೋಸ ಫಾರ್ಸಿಯ ಸಂಬೂಸ. ಜಿಲೇಬಿ ಅರಬರ ಜಲಾಬಿಯಾ. ಈದ್ ದಿನದ ಶೀರ್ ಖುರ್ಮಾ ಎಂದರೆ ಹಾಲು ಮತ್ತು ಖರ್ಜೂರ, ಅಷ್ಟೆ. ಈಗ ಯಾವ ಊಟ ಯಾರದೆಂದು ಹೇಳಿ ನೋಡೋಣ. ಕೈಮಾ ಉಂಡೆಯ ಸಾರು ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ನೆಂಟರು ಬಂದ ದಿನದ ವಿಶೇಷ. ಉರ್ದು ಮನೆಮಾತಿನ ಎಷ್ಟೋ ಮನೆಗಳಲ್ಲಿ ರಾತ್ರಿಯೂಟಕ್ಕೆ ಮುದ್ದೆಯೇ ಆಗಬೇಕು. ಪಾವಗಡದ ಗಡಿ ದಾಟಿದರೆ ಅದೇ ಮುದ್ದೆ ತೆಲುಗಿನಲ್ಲಿ ಸಂಗಟಿ.

ಸಂಜೆಯ ಗೋಬಿ ಮಂಚೂರಿ ಗಾಡಿಯನ್ನು ಬಿಟ್ಟರೆ ನೀವು ಒಪ್ಪಲಾರಿರಿ! ಮಂಚೂರಿಯ ಚೀನಾದ ಈಶಾನ್ಯ ಭಾಗ ಹೌದು, ಆದರೆ ಈ ತಿನಿಸು ಅಲ್ಲಿಯದಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯಲ್ಲಿ ಕೋಳಿಯಿಂದ ಮಾಡಿದ್ದೇ ಮೊದಲ ಮಂಚೂರಿಯೆಂದು ಹೇಳುತ್ತಾರೆ. ಹೂಕೋಸು ಆಮೇಲೆ ಬಂದಿತು. ಅದರ ಕಡುಗೆಂಪು ಬಣ್ಣಕ್ಕೆ ರುಚಿಯೇನೂ ಇಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಮನೆಯಲ್ಲಿ ಮಾಡುವುದಾದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿ, ಬಣ್ಣ ತಾನಾಗಿ ಬರುತ್ತದೆ.

ನಿಜವಾದ ವಿದೇಶಿ ಊಟವನ್ನೇ ಮಾಡಬೇಕೆಂದಿದ್ದರೆ ಈ ಭಾನುವಾರ ಉಗಾಂಡದ್ದನ್ನು ಮಾಡಿ. ಅಲ್ಲಿಯವರು ರಾಗಿಹಿಟ್ಟನ್ನು, ಹಲವರು ಮರಗೆಣಸಿನ ಹಿಟ್ಟು ಬೆರೆಸಿ, ಕುದಿವ ನೀರಿನಲ್ಲಿ ತೊಳಸಿ ‘ಕಾಲೊ’ ಮಾಡುತ್ತಾರೆ. ಅದರ ಜೊತೆಗೆ ಕಡಲೆಕಾಯಿಯ ಗೊಜ್ಜು. ಕಿರಾಣಿ ಅಂಗಡಿಯಿಂದ ಒಂದು ಪಾವು ಕಡಲೆಬೀಜ ತಂದು ಹದವಾಗಿ ಹುರಿದು, ಸಿಪ್ಪೆ ಊದಿ, ನುಣ್ಣಗೆ ಕುಟ್ಟಿಕೊಳ್ಳಿ. ಈರುಳ್ಳಿ, ಟೊಮೆಟೊ ಬಾಡಿಸಿ, ಪುಡಿಯನ್ನು ನೀರಿನಲ್ಲಿ ಕದಡಿ ಸೇರಿಸಿ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ತೇಲುವವರೆಗೆ ಕುದಿಸಿ. ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಮುದ್ದೆಯನ್ನು ಅಜ್ಜಿಯ ಕೈಯಿಂದಲೇ ಕಟ್ಟಿಸಿ. ಉಣ್ಣುವ ಮುನ್ನ ಇದು ಯಾವ ದೇಶದ ಊಟವೆಂದು ಅವರನ್ನೇ ಕೇಳಿ.