ಬೂಸ್ಟ್ ಪೆಡಲ್

ಬೂಸ್ಟ್ ಪೆಡಲ್ ಎಂಬುದು ಎಲೆಕ್ಟ್ರಿಕ್ ಗಿಟಾರಿನ ವಿದ್ಯುತ್ ಸಂಕೇತವನ್ನು ವರ್ಧಿಸುವ, ಕಾಲಿನಿಂದ ಒತ್ತಿ ಬಳಸುವ ಸಾಧನ. ಡಿಸ್ಟಾರ್ಷನ್ ಪೆಡಲ್‌ನೊಂದಿಗೆ ಬಳಸಿದಾಗ ಇದರ ಪರಿಣಾಮವು ಜೋಡಣೆಯ ಕ್ರಮವನ್ನು ಅವಲಂಬಿಸಿರುತ್ತದೆ.

ಗಿಟಾರಿನ ನಂತರ ಮೊದಲು ಬೂಸ್ಟ್ ಇದ್ದರೆ ಡಿಸ್ಟಾರ್ಷನ್ ಪೆಡಲ್‌ಗೆ ಪ್ರಬಲ ಸಂಕೇತ ತಲುಪಿ, ಅಲೆಯ ತುದಿಗಳು ಇನ್ನಷ್ಟು ಕತ್ತರಿಸಲ್ಪಡುತ್ತವೆ. ಇದರಿಂದ ನಾದವು ಹೆಚ್ಚು ಒರಟಾಗಿ, ದೀರ್ಘಕಾಲ ನಿಲ್ಲುತ್ತದೆ. ಧ್ವನಿಮಟ್ಟ ಅಷ್ಟಾಗಿ ಏರುವುದಿಲ್ಲ. ಡಿಸ್ಟಾರ್ಷನ್ ಪೆಡಲ್‌ನ ನಂತರ ಬೂಸ್ಟ್ ಇದ್ದು, ಆಂಪ್ಲಿಫೈಯರ್ ತನ್ನ ಮಿತಿಯೊಳಗಿದ್ದರೆ, ನಾದದ ಗುಣ ಬಹುತೇಕ ಬದಲಾಗದೆ ಧ್ವನಿ ಮಾತ್ರ ಜೋರಾಗುತ್ತದೆ. ಆದ್ದರಿಂದ ತಂಡದ ನಡುವೆ ಏಕವಾದನ ಸ್ಪಷ್ಟವಾಗಿ ಕೇಳಿಸಲು ಈ ಕ್ರಮ ಸೂಕ್ತ. 6 ಡೆಸಿಬೆಲ್ ವರ್ಧನೆಯು ವೋಲ್ಟೇಜನ್ನು ಸುಮಾರು 2 ಪಟ್ಟು ಹೆಚ್ಚಿಸುತ್ತದೆ. ಎರಡೂ ಕ್ರಮಗಳಲ್ಲಿ ಸಂಕೇತದೊಂದಿಗೆ ಬರುವ ಅನಗತ್ಯ ಸದ್ದೂ ವರ್ಧಿಸುತ್ತದೆ.

1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ತಯಾರಾದ, ಆಂಪ್ಲಿಫೈಯರ್ ಮೇಲೆ ಇರಿಸುತ್ತಿದ್ದ ಡಲ್ಲಾಸ್ ರೇಂಜ್‌ಮಾಸ್ಟರ್ ಇಂತಹ ಆರಂಭಿಕ ಸಾಧನಗಳಲ್ಲೊಂದು. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಇದನ್ನು ಬಳಸಿದ್ದರು.